ಚೆನ್ನಾಗಿ ಮಿಕ್ಸ್ ಆದ್ರೆ ಸಾಕಾ? ಟರ್ಬೈನ್ ಬರ್ನರ್ ಬಗ್ಗೆ ಒಂದಷ್ಟು

ಗುಬ್ಬಿ ತಾಲ್ಲೂಕು ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದ್ಮೇಲೆ (2016ರಲ್ಲಿ ಅಡಿಗಲ್ಲು, 2023ರ ಫೆಬ್ರವರಿಯಲ್ಲಿ ಉದ್ಘಾಟನೆ, 615 ಎಕರೆ) ತುಮಕೂರಲ್ಲಿ ಯಾರ್ ಸಿಕ್ಕಿದ್ರೂ ಇಂಜಿನ್ ಬಗ್ಗೆ ಒಂದು ಅಭಿಪ್ರಾಯ ಇಟ್ಕೊಂಡೇ ಇರ್ತಾರೆ. ಟೌನ್‌ಹಾಲ್ ಹತ್ರ ಟೀ ಕುಡೀತಾ ನಿಂತ್ರೂ ಅಷ್ಟೇ, ಛತ್ರದಲ್ಲಿ ಊಟಕ್ಕೆ ಕಾಯ್ತಾ ಕೂತ್ರೂ ಅಷ್ಟೇ. ಆದ್ರೆ ಮಾತೆಲ್ಲ ಬ್ಲೇಡ್ ಮೇಲೇನೇ, ಸಿಂಗಲ್ ಕ್ರಿಸ್ಟಲ್ ಬ್ಲೇಡ್ ನಮಗೆ ಬರಲ್ವಂತೆ, ಫ್ರೆಂಚ್‌ನೋರು ಟೆಕ್ನಾಲಜಿ ಕೊಡಲ್ವಂತೆ, ಕಾವೇರಿ ಇಂಜಿನ್ ಯಾಕೆ ಹಂಗಾಯ್ತು, ಇಂಥದ್ದೇ. ಗಾಳಿ ಒತ್ತಿ ಕಳ್ಸೋ ಕಂಪ್ರೆಸರ್‌ಗೂ ಬಿಸಿ ಗ್ಯಾಸ್ ಹೊಡೆತಕ್ಕೆ ತಿರುಗೋ ಟರ್ಬೈನ್‌ಗೂ ಮಧ್ಯೆ ಕಂಬಸ್ಟರ್ ಅಂತ ಒಂದು ಡಬ್ಬ ಇದೆ, ಅದ್ರೊಳಗೆ ಇಡೀ ಇಂಜಿನ್‌ಗೆ ಬೇಕಾದ ಬೆಂಕಿ ಉರೀತಾ ಇರತ್ತೆ, ಅದ್ರ ಬಗ್ಗೆ ಒಬ್ರೂ ಕೇಳಲ್ಲ. ನಾನು ದಿನಾ ಬೆಳಗ್ಗೆ ಟ್ರೈನ್ ಹತ್ತಿ ಬೆಂಗಳೂರಿಗೆ ಹೋಗಿ ಮಾಡೋ ಕೆಲಸ ಆ ಡಬ್ಬದ್ದೇ ಆಗಿರೋದ್ರಿಂದ ಈ ಪೋಸ್ಟು ಹೊಟ್ಟೆ ಉರಿಗೆ ಬರೆದದ್ದು ಅಂತಾನೇ ಇಟ್ಕೊಳಿ, ತೊಂದ್ರೆ ಇಲ್ಲ.

ಕೇಳಿದೋನು ಒಬ್ಬನೇ, ನಮ್ಮಕ್ಕನ ಮಗ, ಇಲ್ಲೇ ಇಂಜಿನಿಯರಿಂಗ್ ಓದ್ತಾ ಇದಾನೆ. "ಮಾವ, ಅಷ್ಟೊಂದು ಗಾಳಿ ನುಗ್ತಾ ಇದ್ರೆ ಬೆಂಕಿ ಆರೋಗಲ್ವಾ?" ಅಂದ. ಇದಕ್ಕಿಂತ ಒಳ್ಳೇ ಪ್ರಶ್ನೆ ನಮ್ಮ ಆಫೀಸ್ ಇಂಟರ್‌ವ್ಯೂನಲ್ಲೂ ಕೇಳಲ್ಲ ಕಣ್ರೀ.

ಆರಿ ಹೋಗ್ಬೇಕು, ನ್ಯಾಯವಾಗಿ ನೋಡಿದ್ರೆ. ಕಂಪ್ರೆಸರ್‌ನಿಂದ ಗಾಳಿ ಸೆಕೆಂಡಿಗೆ 150 ಮೀಟರ್‌ವರೆಗಿನ ವೇಗದಲ್ಲಿ ಬರತ್ತೆ. ಅದನ್ನ ಡಿಫ್ಯೂಸರ್ ಅಂತ ಅಗಲ ಆಗ್ತಾ ಹೋಗೋ ದಾರೀಲಿ ಬಿಟ್ಟು ಸುಮಾರು 25 ಮೀಟರ್‌ಗೆ ಇಳಿಸ್ತಾರೆ, ಅಂದ್ರೂ ಗಂಟೆಗೆ 90 ಕಿಲೋಮೀಟರ್ ಆಯ್ತಲ್ಲ. ಸೀಮೆಎಣ್ಣೆ ಆವಿ-ಗಾಳಿ ಮಿಶ್ರಣದಲ್ಲಿ ಬೆಂಕಿ ತಾನಾಗೇ ಮುಂದಕ್ಕೆ ಹರಡೋ ವೇಗ ಸೆಕೆಂಡಿಗೆ ಅರ್ಧ ಮೀಟರ್ ಆಜುಬಾಜು, ಗಾಳಿಯಲ್ಲಿ ಕಲಕಾಟ ಜೋರಾಗಿದ್ರೆ ಇನ್ನೊಂದೆರಡು ಮೀಟರ್ ಜಾಸ್ತಿ ಆಗ್ಬಹುದು. 25ಕ್ಕೂ ಅದಕ್ಕೂ ಎಲ್ಲಿಂದ ಎಲ್ಲಿಗೆ? ಬೆಂಕಿ ನಿಲ್ಲೋಕೆ ಒಳಗೆ ಎಲ್ಲಾದ್ರೂ ಗಾಳಿ ನಿಧಾನ ಆಗೋ ಜಾಗ ಮಾಡ್ಲೇಬೇಕು, ನಿಧಾನ ಮಾತ್ರ ಅಲ್ಲ, ವಾಪಸ್ ತಿರುಗಿ ಬರೋ ಹಂಗೆ ಮಾಡ್ಬೇಕು.

ಅದಕ್ಕೆ ಇರೋದೇ ಸ್ವರ್ಲರ್. ಇಂಧನ ಚಿಮ್ಮಿಸೋ ನಾಝಲ್ ಸುತ್ತ ಓರೆಯಾಗಿ ನಿಂತಿರೋ ಸಣ್ಣ ಸಣ್ಣ ವೇನ್‌ಗಳು, ಅಂದ್ರೆ ಗಾಳಿ ದಿಕ್ಕು ತಿರುಗಿಸೋ ಪಟ್ಟಿಗಳು, ಗಾಳಿ ಅವುಗಳ ಮಧ್ಯೆ ನುಗ್ಗಿ ಗಿರ್ರಂತ ತಿರುಗ್ತಾ ಒಳಗೆ ಬರತ್ತೆ, ತಿರುಗೋ ಗಾಳಿ ಹೊರಗಡೆಗೆ ತಳ್ಕೊಳತ್ತೆ, ನಡುವೆ ಒತ್ತಡ ಕಮ್ಮಿ ಆಗತ್ತೆ, ಆ ಖಾಲಿ ತುಂಬೋಕೆ ಮುಂದೆ ಹೋದ ಬಿಸಿ ಅನಿಲವೇ ನಡುಮಧ್ಯದಲ್ಲಿ ಹಿಂದಕ್ಕೆ ಹರಿದು ಬರತ್ತೆ. ಆ ವಾಪಸ್ ಬಂದ ಬಿಸಿ ಗ್ಯಾಸು ಹೊಸದಾಗಿ ಬರ್ತಿರೋ ಮಿಶ್ರಣಕ್ಕೆ ಬೆಂಕಿ ಹಚ್ಚತ್ತೆ, ಹತ್ತಿದ್ದು ಮುಂದೆ ಹೋಗಿ ಮತ್ತೆ ಒಂದಷ್ಟು ವಾಪಸ್ ಬರತ್ತೆ. ಇದಿಷ್ಟೇ. ಸ್ಪಾರ್ಕ್ ಪ್ಲಗ್ ಇರೋದು ಸ್ಟಾರ್ಟ್ ಮಾಡೋಕೆ, ಒಂದ್ಸಲ ಹತ್ಕೊಂಡ್ರೆ ಮಾಮೂಲಿ ಓಟಕ್ಕೆ ಅದ್ರ ಕೆಲಸ ಮುಗೀತು, ಕಾರ್ ಇಂಜಿನ್ ಥರ ಪ್ರತಿ ಸುತ್ತಿಗೂ ಕಿಡಿ ಬೇಕಾಗಿಲ್ಲ. ತುಂಬಾ ಜನಕ್ಕೆ ಇದು ಗೊತ್ತಿಲ್ಲ.

ನಮ್ಮ ಹುಡುಗ ಇದನ್ನ ನಂಬ್ಲಿಲ್ಲ. ಸರಿ ಮಾಡಿ ನೋಡು ಅಂದೆ. ಕಾಲೇಜಲ್ಲಿ ಅವನ ಫ್ರೆಂಡ್ ಹತ್ರ ಇರೋ 3ಡಿ ಪ್ರಿಂಟರ್‌ನಲ್ಲಿ ಎರಡು ಸ್ವರ್ಲರ್ ಪ್ರಿಂಟ್ ಹೊಡೆಸಿದ, ಒಂದ್ರಲ್ಲಿ ವೇನ್ 30 ಡಿಗ್ರಿ ಓರೆ, ಇನ್ನೊಂದ್ರಲ್ಲಿ 45. ಪಿವಿಸಿ ಪೈಪ್ ತುದೀಗೆ ಸಿಕ್ಕಿಸಿ ಹಿಂದಿಂದ ಸಣ್ಣ ಬ್ಲೋಯರ್, ಮುಂದೆ ಬಾಯಿಗೆ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಡಬ್ಬ ತಳ ಕತ್ತರಿಸಿ ಕೂರಿಸಿದ. ಆಮೇಲೆ ಊದಿನಕಡ್ಡಿ ಹಚ್ಚಿ ಡಬ್ಬದ ನಡುಮಧ್ಯಕ್ಕೆ ಹಿಡಿದ್ರೆ, 30 ಡಿಗ್ರಿದ್ರಲ್ಲಿ ಹೊಗೆ ಸುಮ್ನೆ ಮುಂದಕ್ಕೆ ಹೊರಟು ಹೋಯ್ತು, 45ದ್ರಲ್ಲಿ ಹೊಗೆ ಬ್ಲೋಯರ್ ಕಡೆಗೇ ತಿರುಗ್ತು ನೋಡಿ, ಗಾಳಿ ಬರ್ತಿರೋ ದಿಕ್ಕಿಗೇ! ಲೆಕ್ಕದಲ್ಲೂ ಹಂಗೇ. ತಿರುಗೋ ರಭಸಕ್ಕೂ ಮುಂದಕ್ಕೆ ಹೋಗೋ ರಭಸಕ್ಕೂ ಇರೋ ಅನುಪಾತಕ್ಕೆ ಸ್ವರ್ಲ್ ನಂಬರ್ ಅಂತೀವಿ, ಅದು ಸುಮಾರು 0.6 ದಾಟಿದ್ರೆ ಮಾತ್ರ ಆ ವಾಪಸ್ ಹರಿವು ಗಟ್ಟಿಯಾಗಿ ಹುಟ್ಟೋದು. ಅವನ 30 ಡಿಗ್ರಿ ಸ್ವರ್ಲರ್‌ದು 0.4ರ ಹತ್ರ ಬರತ್ತೆ, 45ರದ್ದು 0.7. ಗ್ಯಾಸ್ ಹಚ್ಚಿ ನೋಡೋಣ್ವಾ ಮಾವ ಅಂದ, ಪ್ಲಾಸ್ಟಿಕ್ ಕಣೋ ಅದು ಅಂತ ಬೈದು ಸುಮ್ನಿರಿಸಿದೆ.

ಈಗ ಎಷ್ಟು ಗಾಳಿ ಅನ್ನೋ ವಿಷ್ಯ. ಒಂದು ಕೆಜಿ ಸೀಮೆಎಣ್ಣೆ ಥರದ ಇಂಧನ ಪೂರ್ತಿ ಉರಿಯೋಕೆ ಸುಮಾರು 15 ಕೆಜಿ ಗಾಳಿ ಸಾಕು. ಆದ್ರೆ ಇಂಜಿನ್ ಒಟ್ಟು ಎಳ್ಕೊಳೋದು 45ರಿಂದ 130 ಕೆಜಿವರೆಗೂ. ಅಷ್ಟನ್ನೂ ಒಂದೇ ಸಲ ಬೆರೆಸಿದ್ರೆ ಮಿಶ್ರಣ ತೆಳ್ಳಗಾಗಿ ಹತ್ಕೊಳೋದೇ ಇಲ್ಲ. ಬರೀ 15 ಕೊಟ್ರೆ ಉರಿ 2,000 ಡಿಗ್ರಿ ಸೆಲ್ಸಿಯಸ್ ಮುಟ್ಟತ್ತೆ, ಟರ್ಬೈನ್ ಬ್ಲೇಡಿನ ನಿಕ್ಕಲ್ ಲೋಹ 1,300 ಚಿಲ್ಲರೆಗೇ ಕರಗೋಕೆ ಶುರು ಮಾಡತ್ತೆ. ಅದಕ್ಕೆ ಗಾಳೀನ ಕಂತು ಕಂತಾಗಿ ಕೊಡ್ತಾರೆ. ಹಳೇ ಮಾದರಿ ಕಂಬಸ್ಟರ್‌ನಲ್ಲಿ ನೂರಕ್ಕೆ 20 ಪಾಲು ನಾಝಲ್-ಸ್ವರ್ಲರ್ ಇರೋ ಮೂತಿ ಕಡೆಯಿಂದ, ಇನ್ನೊಂದು 20 ಪಕ್ಕದ ತೂತುಗಳಿಂದ ಉರಿ ಇರೋ ಜಾಗಕ್ಕೆ, ಅಲ್ಲಿಗೆ ಉರಿಯೋ ಕೆಲಸ ಮುಗೀತು. ಮುಂದೆ 20 ಪಾಲು ಡೈಲ್ಯೂಷನ್ ತೂತುಗಳಿಂದ ನುಗ್ಗಿ ಬಿಸಿ ಇಳಿಸತ್ತೆ. ಉಳಿದ 40? ಬರೀ ಡಬ್ಬದ ಗೋಡೆ ತಣ್ಣಗಿಡೋಕೆ, ತಗಡಿನ ಒಳಮೈಗೆ ಅಂಟ್ಕೊಂಡು ತೆಳುವಾಗಿ ಹರೀತಾ ಹೋಗತ್ತೆ. ಬಂದ ಗಾಳೀಲಿ ಹೆಚ್ಚುಕಮ್ಮಿ ಅರ್ಧದಷ್ಟಕ್ಕೆ ಬೆಂಕಿ ಜೊತೆ ವ್ಯವಹಾರಾನೇ ಇಲ್ಲ ಅಂದಂಗಾಯ್ತು.

ಈ ಡೈಲ್ಯೂಷನ್ ಅನ್ನೋದನ್ನ ಯಾರೂ ಲೆಕ್ಕಕ್ಕೆ ತಗೊಳಲ್ಲ, ಆದ್ರೆ ಬ್ಲೇಡ್ ಉಳಿಯೋದು ಅಲ್ಲೇ. ಸರಾಸರಿ ತಾಪಮಾನ ಸರಿ ಇದ್ರೆ ಆಯ್ತು ಅಂದ್ಕೊಂಡ್ರೆ ಕೆಟ್ವಿ, ಒಂದೇ ಒಂದು ತೂತಿನ ಗಾಳಿ ನಡುವಿನವರೆಗೂ ನುಗ್ಗದೆ ಗೋಡೆ ಪಕ್ಕಾನೇ ಜಾರ್ಕೊಂಡು ಹೋದ್ರೆ ನಡುವೆ ಒಂದು ಬಿಸಿ ಪಟ್ಟೆ ಹಂಗೇ ಉಳಿದು ನೇರ ಟರ್ಬೈನ್ ಮುಂದಿನ ನಿಂತಿರೋ ವೇನ್‌ಗೆ ಹೋಗಿ ಬಡಿಯತ್ತೆ, ಆ ವೇನ್ ಅಲ್ಲಾಡಲ್ಲ, ಪಟ್ಟೆನೂ ಅಲ್ಲಾಡಲ್ಲ, ಅಲ್ಲೇ ಕೂತು ತಿನ್ನತ್ತೆ. ಬ್ಲೇಡ್ ಬ್ಲೇಡ್ ಅಂತ ಮಾತಾಡೋರು ಒಂದ್ಸಲ ಈ ತೂತುಗಳ ಕಡೆನೂ ನೋಡ್ಬೇಕು ಅನ್ನೋದು ನನ್ನ ಕಂಪ್ಲೇಂಟು.

ಇಂಧನ ದ್ರವ ಆಗಿದ್ರೆ ಇನ್ನೊಂದು ಗೋಳು, ದ್ರವ ಉರಿಯಲ್ಲ, ಅದ್ರ ಆವಿ ಉರಿಯೋದು. ಹನಿ ಎಷ್ಟು ಸಣ್ಣದೋ ಅಷ್ಟು ಬೇಗ ಆವಿ. ಫ್ರಾಂಕ್ ವಿಟಲ್ 1937ರ ಏಪ್ರಿಲ್ 12ಕ್ಕೆ ಇಂಗ್ಲೆಂಡಿನ ರಗ್ಬೀಲಿ ತನ್ನ ಮೊದಲ ಜೆಟ್ ಇಂಜಿನ್ ಓಡಿಸಿದಾಗ ಅದು ಕೈ ಮೀರಿ ರೇಸ್ ಆಗೋಕೆ ಶುರು ಆಯ್ತು, ಇಂಧನದ ವಾಲ್ವ್ ಮುಚ್ಚಿದ್ರೂ ನಿಲ್ಲಲ್ಲ, ಪಕ್ಕದಲ್ಲಿದ್ದೋರೆಲ್ಲ ಓಡಿದ್ರು. ಆಮೇಲೆ ನೋಡಿದ್ರೆ ಸೋರಿದ ಎಣ್ಣೆ ಇಂಜಿನ್ ಒಳಗಡೆ ನಿಂತ್ಕೊಂಡು ಅದೇ ಉರೀತಾ ಇತ್ತು. ಅವರಿಗೆ ಬಹಳ ದಿನ ಕಾಡಿದ್ದು ಕಂಬಸ್ಟರ್ರೇ, 1940ರಲ್ಲಿ ಶೆಲ್ ಕಂಪನಿಯ ಐಸಾಕ್ ಲಬ್ಬಕ್ ಅನ್ನೋರು ಎಣ್ಣೇನ ಒತ್ತಡದಲ್ಲಿ ಸಣ್ಣ ಹನಿ ಮಾಡಿ ಚಿಮ್ಮಿಸೋ ಬರ್ನರ್ ತಂದ್ಮೇಲೆ ಉಸಿರು ಬಿಟ್ರು.

ಒತ್ತಡದ ನಾಝಲ್‌ನಲ್ಲಿ ಒಂದು ತೊಡಕಿದೆ, ಇಂಧನದ ಹರಿವು ಎರಡರಷ್ಟು ಬೇಕಂದ್ರೆ ಒತ್ತಡ ನಾಲ್ಕರಷ್ಟು ಬೇಕು, ಹತ್ತರಷ್ಟು ಅಂದ್ರೆ ನೂರರಷ್ಟು. ಫುಲ್ ಪವರ್‌ಗೆ ಸರಿಯಾಗಿ ತೂತು ಇಟ್ರೆ ಐಡಲ್‌ನಲ್ಲಿ ಸ್ಪ್ರೇ ಆಗೋ ಬದ್ಲು ತೊಟ್ಟಿಕ್ಕತ್ತೆ. ಇದಕ್ಕೆ ಎರಡು ತೂತಿನ ಡ್ಯೂಪ್ಲೆಕ್ಸ್, ಗಾಳಿಯಿಂದಲೇ ಎಣ್ಣೆ ಹಾಳೇನ ಚಿಂದಿ ಮಾಡೋ ಏರ್‌ಬ್ಲಾಸ್ಟ್, ಹಿಂಗೆ ಬೇರೆ ಬೇರೆ ದಾರಿ ಹುಡುಕಿದ್ರು. ನನಗೆ ಇಷ್ಟ ಆಗೋದು ಮಾತ್ರ ಫ್ರಾನ್ಸಿನ ಟರ್ಬೊಮೆಕಾದವರ ಐಡಿಯಾ. ನಮ್ಮ ಚೇತಕ್, ಚೀತಾ ಹೆಲಿಕಾಪ್ಟರ್‌ಗಳಲ್ಲಿ ಇರೋ ಆರ್ಟೂಸ್ಟ್ ಇಂಜಿನ್‌ನಲ್ಲಿ ನಾಝಲ್ ಅಂತ ಸುತ್ತ ಇಟ್ಟಿಲ್ಲ, ಎಣ್ಣೇನ ತಿರುಗ್ತಿರೋ ಶಾಫ್ಟ್ ಒಳಗೇ ಬಿಟ್ಟು ಅಲ್ಲಿರೋ ಸಣ್ಣ ತೂತುಗಳಿಂದ ಹೊರಗೆ ಎರಚಿಸ್ತಾರೆ. ಶಾಫ್ಟ್ ತಿರುಗೋದು ನಿಮಿಷಕ್ಕೆ 33,500 ಸುತ್ತು! ಆ ರಭಸಕ್ಕೆ ಎಣ್ಣೆ ಧೂಳಾಗಿ ಹೋಗತ್ತೆ, ಪಂಪ್ ಒತ್ತಡ ಜಾಸ್ತಿ ಬೇಕಿಲ್ಲ, ಹರಿವು ಕಮ್ಮಿ ಆದ್ರೂ ಸ್ಪ್ರೇ ಕೆಡಲ್ಲ. ಎಷ್ಟು ಚೆಂದ ಅಲ್ವಾ. ಚೆಂದ ಇರೋದೆಲ್ಲ ಎಲ್ಲಾ ಕಡೆ ನಡೆಯಲ್ಲ, ದೊಡ್ಡ ಇಂಜಿನ್‌ಗೆ ಇದು ಹೊಂದಲ್ಲ, ಆ ಮಾತು ಬೇರೆ.

ಇಲ್ಲೀವರೆಗೂ ಹೇಳಿದ್ದೆಲ್ಲ ಇಂಧನ ಒಂದು ಕಡೆಯಿಂದ ಗಾಳಿ ಇನ್ನೊಂದು ಕಡೆಯಿಂದ ಬಂದು ಉರೀತಾ ಉರೀತಾನೇ ಬೆರೆಯೋ ಲೆಕ್ಕ. ನನ್ನ ಕೆಲಸ ಇರೋದು ಮುಂಚೇನೇ ಬೆರೆಸಿ ಆಮೇಲೆ ಹಚ್ಚೋ ಕಡೆ, ಪ್ರೀಮಿಕ್ಸ್ ಅಂತೀವಿ ಅದಕ್ಕೆ, ಕರೆಂಟ್ ಮಾಡೋ ದೊಡ್ಡ ಗ್ಯಾಸ್ ಟರ್ಬೈನ್‌ಗಳದ್ದು. ಎರಡಕ್ಕೂ ವ್ಯತ್ಯಾಸ ನೋಡ್ಬೇಕು ಅಂದ್ರೆ ಲ್ಯಾಬ್ ಬೇಡ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಕೈ ತೊಳೆಯೋಕೆ ಹಿಂದಕ್ಕೆ ಹೋಗಿ. ಅಲ್ಲಿ ಇಡ್ಲಿ ಪಾತ್ರೆ ಕೆಳಗೆ ದೊಡ್ಡ ಗ್ಯಾಸ್ ಒಲೆ, ಅದ್ರ ಜೆಟ್ ಪಕ್ಕ ಗಾಳಿ ಎಳ್ಕೊಳೋಕೆ ಒಂದು ಕಿಂಡಿ, ಕಿಂಡಿ ಮೇಲೆ ತಿರುಗಿಸೋ ತಗಡು. ಒಂದು ಭಾನುವಾರ ನಾನು ನಿಂತಿದ್ದಾಗ ಒಲೆ ರಿಪೇರಿಯವರು ಬಂದಿದ್ರು. ಉರಿ ಹಳದಿ ಬಣ್ಣಕ್ಕೆ ಎದ್ದು ನಾಲಿಗೆ ಚಾಚ್ತಾ ಇತ್ತು, ಪಾತ್ರೆ ತಳ ಪೂರ್ತಿ ಮಸಿ. "ಇದುಕ್ಕೆ ಗಾಳಿ ಸಾಲ್ತಿಲ್ಲ ಸಾ, ಅದುಕ್ಕೇ ಅಳ್ದಿ ಬತ್ತೈತೆ" ಅಂತ ಕಿಂಡೀಲಿ ಕಟ್ಕೊಂಡಿದ್ದ ಜಿಡ್ಡು ತೆಗೆದು ತಗಡು ತಿರುಗಿಸಿದ್ರು, ಉರಿ ಕುಳ್ಳಗಾಗಿ ನೀಲಿ ಆಯ್ತು, ಇನ್ನೂ ತಿರುಗಿಸಿದ್ರು, ಬರ್ನರ್ ಬಿಟ್ಟು ಒಂದಿಂಚು ಮೇಲೆ ಎದ್ದು ಬುಸ್ ಅಂತ ನಿಂತ್ಕೊಂಡ್ತು, ಇನ್ನೊಂಚೂರು, ಆರೇ ಹೋಯ್ತು. ಮತ್ತೆ ಹಚ್ಚಿ ಗ್ಯಾಸ್ ಸಣ್ಣ ಮಾಡಿದ್ರು, ಪಟ್ ಅಂತ ಉರಿ ಪೈಪ್ ಒಳಗೆ ಹೋಗಿ ಜೆಟ್ ಬಾಯಲ್ಲೇ ಉರಿಯೋಕೆ ಶುರು ಮಾಡ್ತು. "ಒಳಕ್ಕತ್ಕಂತು" ಅಂತ ಬೇಗ ಆಫ್ ಮಾಡಿದ್ರು. ನಾನು ಕೈ ತೊಳೆಯೋದೇ ಮರ್ತು ನೋಡ್ತಾ ನಿಂತಿದ್ದೆ, ನಾವು ಕೋಟ್ಯಂತರ ರೂಪಾಯಿ ಟೆಸ್ಟ್ ರಿಗ್‌ನಲ್ಲಿ ಹುಡುಕೋ ಕಾಯಿಲೆಗಳು ಅಷ್ಟೂ ಐದು ನಿಮಿಷದಲ್ಲಿ ಕಣ್ಮುಂದೆ ಬಂದು ಹೋದ್ವು: ಮಸಿ, ಬ್ಲೋಔಟ್ (ಉರಿ ಆರಿ ಹೋಗೋದು), ಫ್ಲ್ಯಾಶ್‌ಬ್ಯಾಕ್ (ಉರಿ ಒಳಕ್ಕೆ ಹತ್ಕೊಳೋದು).

ಹಾಗಾದ್ರೆ ಇಷ್ಟು ಕಾಯಿಲೆ ಇರೋ ಪ್ರೀಮಿಕ್ಸ್ ಯಾಕೆ ಬೇಕು, ಹಳೇದೇ ಚೆನ್ನಾಗಿತ್ತಲ್ಲ ಅಂದ್ರೆ, ಕಾರಣ ನಾಕ್ಸ್. ಗಾಳಿ ಕೆಡಿಸೋ ನೈಟ್ರೋಜನ್ ಆಕ್ಸೈಡ್‌ಗಳು. ಗಾಳೀಲಿ ನೂರಕ್ಕೆ 78 ಪಾಲು ಇರೋ ನೈಟ್ರೋಜನ್ ಸಾಮಾನ್ಯಕ್ಕೆ ಯಾರ ತಂಟೆಗೂ ಹೋಗಲ್ಲ, ಆದ್ರೆ ಬಿಸಿ 1,500-1,600 ಡಿಗ್ರಿ ದಾಟ್ತಾ ಇದ್ದಂಗೆ ಆಕ್ಸಿಜನ್ ಪರಮಾಣುಗಳು ಅದನ್ನ ಒಡೆಯೋಕೆ ಶುರು ಮಾಡ್ತವೆ, ಆಮೇಲೆ ಪ್ರತಿ ಐವತ್ತು ನೂರು ಡಿಗ್ರಿಗೂ ನಾಕ್ಸ್ ಗುಣಿಸ್ಕೊಂಡು ಏರತ್ತೆ. ರಷ್ಯಾದ ಝೆಲ್ಡೊವಿಚ್ 1940ರ ದಶಕದಲ್ಲೇ ಈ ರಿಯಾಕ್ಷನ್‌ಗಳನ್ನ ಬಿಡಿಸಿ ಇಟ್ರು. ಈಗ ಇಲ್ಲಿ ಒಂದು ವಿಷ್ಯ ಇದೆ, ಇದು ಅರ್ಥ ಆದ್ರೆ ಪೂರ್ತಿ ಅರ್ಥ ಆದಂಗೆ. ಬೆರೆಸದೆ ಉರಿಸೋ ಬೆಂಕಿ, ನೀವು ಒಟ್ಟಾರೆ ಎಷ್ಟೇ ಗಾಳಿ ಕೊಡಿ, ತನಗೆ ಬೇಕಾದ ಸರಿಯಾದ ಅನುಪಾತ ಎಲ್ಲಿ ಸಿಗತ್ತೋ ಆ ಪದರದಲ್ಲೇ ಹೋಗಿ ಕೂರತ್ತೆ. ಆ ಪದರದಲ್ಲಿ ಬಿಸಿ ಯಾವಾಗ್ಲೂ ಗರಿಷ್ಠ, 2,000 ಮೀರಿ. ಹೆಚ್ಚಿಗೆ ಗಾಳಿ ಕೊಟ್ಟು ತಂಪು ಮಾಡ್ತೀನಿ ಅಂದ್ರೆ ಅದು ಆಗೋದು ನಾಕ್ಸ್ ಹುಟ್ಟಿ ಆದ್ಮೇಲೆ. ಅದಕ್ಕೇ ಮೊದಲೆಲ್ಲ ಉರಿಗೇ ನೀರೋ ಸ್ಟೀಮೋ ಹೊಡೀತಿದ್ರು, ಅದೂ ಶುದ್ಧ ಮಾಡಿದ ನೀರು, ಇಂಧನದ ತೂಕಕ್ಕೆ ಹತ್ತತ್ರ ಬರೋವಷ್ಟು. ಹೇಮಾವತಿ ನಾಲೆ ನೀರಿಗೆ ತಾಲ್ಲೂಕು ತಾಲ್ಲೂಕೇ ಬೀದಿಗಿಳಿಯೋ ನಮ್ಮ ಜಿಲ್ಲೇಲಿ ಟರ್ಬೈನ್‌ಗೆ ಅಷ್ಟು ನೀರು ಕೊಡಿ ಅಂತ ಯಾರು ಕೇಳ್ತೀರಪ್ಪ?

ಅದ್ರ ಬದಲು, ಗ್ಯಾಸ್ ಮತ್ತೆ ಗಾಳೀನ ಮೊದ್ಲೇ ಬೆರೆಸಿ, ಬೇಕಾದ್ದಕ್ಕಿಂತ ಎರಡರಷ್ಟು ಗಾಳಿ ಕೊಟ್ಟು, ಆ ತೆಳು ಮಿಶ್ರಣಾನ ಉರಿಸಿದ್ರೆ ಉರಿಯ ಬಿಸಿ 1,500ರ ಆಸುಪಾಸಲ್ಲೇ ನಿಲ್ಲತ್ತೆ. ನಾಕ್ಸ್ ಮೊದಲು 200 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು ಅಂತ) ಮುಟ್ತಿದ್ದ ಮೆಷಿನ್‌ಗಳು 25ಕ್ಕೆ ಬಂದ್ವು, ಆಮೇಲೆ 9ಕ್ಕೂ ಬಂದ್ವು. ಆದ್ರೆ ಅದು ಸಿಗೋದು ಮಿಶ್ರಣ ಎಲ್ಲಾ ಕಡೆ ಒಂದೇ ಸಮ ಇದ್ರೆ ಮಾತ್ರ. ಒಂದು ಕಡೆ ಸ್ವಲ್ಪ ದಪ್ಪ (ಇಂಧನ ಜಾಸ್ತಿ) ಒಂದು ಕಡೆ ಸ್ವಲ್ಪ ತೆಳು (ಇಂಧನ ಕಮ್ಮಿ) ಇದ್ದು ಸರಾಸರಿ ಸರಿ ಇದ್ರೆ ಸಾಲಲ್ಲ, ದಪ್ಪ ಇರೋ ಜಾಗ ಹುಟ್ಟಿಸೋ ನಾಕ್ಸ್‌ನ ತೆಳು ಇರೋ ಜಾಗ ವಾಪಸ್ ತಗೊಳಲ್ಲ. ಮತ್ತೆ ಇದಕ್ಕೆಲ್ಲ ಸಿಗೋ ಟೈಮು ಕೆಲವೇ ಮಿಲಿಸೆಕೆಂಡು. ಬೆರೆಸೋ ಪೈಪ್ ಉದ್ದ ಮಾಡಿ ಸಾವಕಾಶವಾಗಿ ಬೆರೆಸ್ತೀನಿ ಅಂದ್ರೆ ಅಷ್ಟು ಒತ್ತಡ, ಅಷ್ಟು ಬಿಸಿ ಗಾಳೀಲಿ ಪೈಪಲ್ಲೇ ಹತ್ಕೊಂಡ್ರೆ ಏನ್ ಗತಿ.

ಎಷ್ಟು ಸೂಕ್ಷ್ಮ ಅಂದ್ರೆ ಒಂದು ಉದಾಹರಣೆ. ಸ್ವರ್ಲರ್ ವೇನ್ ಒಳಗಿಂದಾನೇ ಗ್ಯಾಸ್ ಬಿಡೋ ತೂತು ಇರತ್ತೆ, ಒಂದೂವರೆ ಮಿಲಿಮೀಟರ್ ಅಷ್ಟು. ಗ್ಯಾಸ್ ಜೆಟ್ ಗಾಳಿಗೆ ಅಡ್ಡಲಾಗಿ ನುಗ್ಗಿ ಎಷ್ಟು ದೂರ ಹೋಗತ್ತೆ ಅನ್ನೋದ್ರ ಮೇಲೇ ಎಲ್ಲಾ ನಿಂತಿರೋದು. ಹೊರಗಡೆ ಒಂದು ಶಾಪ್‌ನಲ್ಲಿ ಡ್ರಿಲ್ ಹೊಡೆಸಿದ ಪೀಸು ಬಂದಿತ್ತು, ಉರಿ ಹಚ್ಚೋ ಮುಂಚೆ ಕೋಲ್ಡ್ ಟೆಸ್ಟ್ ಮಾಡ್ತೀವಿ, ಗ್ಯಾಸ್ ಬದ್ಲು ಕಾರ್ಬನ್ ಡೈಆಕ್ಸೈಡ್ ಬಿಟ್ಟು ಬರ್ನರ್ ಬಾಯಲ್ಲಿ ಸೂಜಿ ಥರದ ಪ್ರೋಬ್ ಮಿಲಿಮೀಟರ್ ಮಿಲಿಮೀಟರ್ ಸರಿಸ್ತಾ ಎಲ್ಲಿ ಎಷ್ಟಿದೆ ಅಂತ ಅಳೆಯೋದು. ಒಂದು ಮೂಲೇಲಿ ಮಾತ್ರ ರೀಡಿಂಗ್ ಏರ್ತಾ ಇತ್ತು. ಪ್ರೋಬ್ ಬದಲಾಯಿಸಿದ್ರೂ ಅದೇ. ಕೊನೆಗೆ ಬಿಚ್ಚಿ ಲೆನ್ಸ್ ಇಟ್ಟು ನೋಡಿದ್ರೆ ಒಂದು ತೂತಿನ ಒಳ ಅಂಚಲ್ಲಿ ಬರ್ರ್, ಅಂದ್ರೆ ಡ್ರಿಲ್ ಹೊಡೆದಾಗ ಏಳೋ ಲೋಹದ ಸಿಬುರು, ಹಂಗೇ ಉಳಿದಿತ್ತು, ಉಗುರಲ್ಲಿ ಸವರಿದ್ರೆ ಗೊತ್ತಾಗ್ತಿತ್ತು ಅಷ್ಟೇ, ಕಣ್ಣಿಗೆ ಕಾಣ್ತಿರ್ಲಿಲ್ಲ. ಅಷ್ಟಕ್ಕೇ ಜೆಟ್ ವಾಲಿ ವೇನ್‌ಗೆ ಅಂಟ್ಕೊಂಡು ಹರೀತಾ ಇತ್ತು. ಕಂಪ್ಯೂಟರ್‌ನಲ್ಲಿ ಹರಿವು ಲೆಕ್ಕ ಹಾಕೋ ಸಿಎಫ್‌ಡಿಲಿ ಇದು ಬರತ್ತಾ? ಎಲ್ಲಿ ಬರತ್ತೆ, ಡ್ರಾಯಿಂಗ್‌ನಲ್ಲಿ ಬರ್ರ್ ಇರಲ್ವಲ್ಲ. ಬರ್ರ್ ಬಿಡಿ, ಮಾಮೂಲಿ ಮಾಡೆಲ್‌ಗಳು ಅಡ್ಡ ಗಾಳಿಗೆ ನುಗ್ಗೋ ಜೆಟ್ ನಿಜಕ್ಕಿಂತ ಕಮ್ಮಿ ಬೆರೆಯತ್ತೆ ಅಂತ ತೋರಿಸ್ತವೆ, ಆಗ ನಮ್ಮೋರು ಎಷ್ಟು ಬೆರೆಯತ್ತೆ ಅಂತ ಮಾಡೆಲ್‌ಗೆ ಹೇಳೋ ಟರ್ಬುಲೆಂಟ್ ಸ್ಮಿಟ್ ನಂಬರ್ (ಕಮ್ಮಿ ಇದ್ದಷ್ಟೂ ಜಾಸ್ತಿ ಬೆರೆಯತ್ತೆ) 0.7 ಇದ್ದಿದ್ದನ್ನ ಇಳಿಸ್ತಾ ಇಳಿಸ್ತಾ ಟೆಸ್ಟ್ ರಿಸಲ್ಟ್‌ಗೆ ಕೂರೋವರೆಗೂ ತರ್ತಾರೆ, ಆಮೇಲೆ ಪ್ರೆಸೆಂಟೇಶನ್‌ನಲ್ಲಿ "ಗುಡ್ ಅಗ್ರಿಮೆಂಟ್" ಅಂತ ಒಂದು ಸ್ಲೈಡ್. ಉತ್ತರ ನೋಡ್ಕೊಂಡು ಲೆಕ್ಕ ಮಾಡೋದು ಅಂದ್ರೆ ಇದೇ ಅಲ್ವೇನ್ರೀ.

ಸರಿ, ಬರ್ರ್ ತೆಗ್ದಾಯ್ತು, ಎಲ್ಲಾ ಕಡೆ ಒಂದೇ ಸಮ ಬೆರೀತು, ಕ್ವಾರ್ಟ್ಜ್ ಗಾಜಿನ ಕಿಟಕೀಲಿ ನೋಡಿದ್ರೆ ಉರಿ ಸ್ವಲ್ಪನೂ ಹಳದಿ ಇಲ್ಲದೆ ತಿಳಿ ನೀಲಿ, ರೂಮ್ ಲೈಟ್ ಆಫ್ ಮಾಡಿದ್ರೇ ಸರಿಯಾಗಿ ಕಾಣೋದು, ನಾಕ್ಸ್ ರೀಡಿಂಗ್ ತಳ ಹಿಡ್ದಿದೆ. ಇನ್ನೇನು ಬೇಕು? ಇಲ್ಲೇ ಇರೋದು ನಾನು ಇಷ್ಟುದ್ದ ಬರೆದು ಹೇಳ್ಬೇಕು ಅಂದ್ಕೊಂಡಿದ್ದು. ಅಷ್ಟು ಚೆನ್ನಾಗಿ ಬೆರೆತ ಉರಿಗೆ ಧೈರ್ಯ ಕಮ್ಮಿ.

ಬೆರೆಯದ ಬೆಂಕೀಲಿ ಎಲ್ಲೋ ಒಂದು ಕಡೆ ದಪ್ಪ ಮಿಶ್ರಣ ಇದ್ದೇ ಇರತ್ತೆ, ಗಾಳಿ ಏರುಪೇರಾದ್ರೂ ಆ ಜಾಗ ಹಿಡ್ಕೊಂಡು ಉಳ್ಕೊಳತ್ತೆ. ಒಂದೇ ಸಮ ತೆಳ್ಳಗಿರೋ ಮಿಶ್ರಣದಲ್ಲಿ ಆ ಆಸರೆ ಇಲ್ಲ, ಆರೋ ಗೆರೆ ಪಕ್ಕದಲ್ಲೇ ಎಲ್ಲಾ ನಿಂತಿರತ್ತೆ, ಇಂಧನ ಸ್ವಲ್ಪ ಕಮ್ಮಿ ಆದ್ರೆ ಒಂದೇ ಏಟಿಗೆ ಪೂರ್ತಿ ಆರತ್ತೆ. ಆರೋ ಮುಂಚೆ ಅರ್ಧಂಬರ್ಧ ಉರಿದು ಕಾರ್ಬನ್ ಮಾನಾಕ್ಸೈಡ್ ಏರತ್ತೆ. ಅದಕ್ಕಿಂತ ದೊಡ್ಡ ತಲೆನೋವು ಹಮ್ಮಿಂಗ್. ಚೇಂಬರ್‌ನಲ್ಲಿ ಒತ್ತಡ ಚೂರು ಅಲುಗಾಡ್ತು ಅಂದ್ಕೊಳಿ, ಅದ್ರಿಂದ ಬೆರೆಸೋ ಪೈಪಲ್ಲಿ ಬರೋ ಗಾಳಿ ಹೆಚ್ಚು ಕಮ್ಮಿ ಆಗತ್ತೆ, ಗ್ಯಾಸ್ ಮಾತ್ರ ಅಷ್ಟೇ ಇರತ್ತೆ, ಹಂಗಾಗಿ ದಪ್ಪ ತೆಳು ದಪ್ಪ ತೆಳು ಅಂತ ಮಿಶ್ರಣದ ಅಲೆ ಹೊರಡತ್ತೆ. ಹತ್ತು ಸೆಂಟಿಮೀಟರ್ ದೂರ, ಸೆಕೆಂಡಿಗೆ 50 ಮೀಟರ್ ವೇಗ ಅಂದ್ರೆ ಎರಡು ಮಿಲಿಸೆಕೆಂಡಿಗೆ ಉರಿ ಮುಟ್ತು. ದಪ್ಪ ಭಾಗ ಮುಟ್ಟಿದಾಗ ಶಾಖ ಏರತ್ತೆ, ಆ ಹೊತ್ತಿಗೆ ಸರಿಯಾಗಿ ಚೇಂಬರ್ ಒತ್ತಡನೂ ಏರ್ತಾ ಇದ್ರೆ ಮುಗೀತು, ಒಂದಕ್ಕೊಂದು ಕುಮ್ಮಕ್ಕು ಕೊಟ್ಕೊಂಡು ಬೆಳೀತಾ ಹೋಗ್ತವೆ, ನೂರಾರು ಹರ್ಟ್ಜ್‌ನಲ್ಲಿ ಗುಯ್ ಅನ್ನೋ ಸದ್ದು, ಪಕ್ಕದ ಕಂಟ್ರೋಲ್ ರೂಮಲ್ಲಿ ಟೇಬಲ್ ಮೇಲಿನ ಟೀ ಲೋಟ ನಡುಗತ್ತೆ. ಶಾಖವೂ ಒತ್ತಡವೂ ಜೊತೇಲಿ ಏರಿದ್ರೆ ಸದ್ದು ಬೆಳೆಯತ್ತೆ ಅಂತ ಲಾರ್ಡ್ ರೇಲೆ 1878ರಲ್ಲೇ ಹೇಳಿದಾರೆ, ಆಗ ಗ್ಯಾಸ್ ಟರ್ಬೈನ್ ಅನ್ನೋದೇ ಓಡ್ತಿರ್ಲಿಲ್ಲ. ಈ ಹಮ್ಮಿಂಗ್‌ನ ಹಂಗೇ ಬಿಟ್ರೆ ಡಬ್ಬದ ಒಳಗೋಡೆ, ಲೈನರ್ ತಗಡು, ಬಿರುಕು ಬಿಡತ್ತೆ, ತುಂಡು ಕಿತ್ತು ಟರ್ಬೈನ್‌ಗೆ ಹೋದ್ರೆ ಲೆಕ್ಕ ಕೋಟಿಗಳಲ್ಲಿ.

ಪರಿಹಾರ ಏನ್ ಗೊತ್ತಾ? ಬೇಕಂತಲೇ ಸ್ವಲ್ಪ ಕೆಟ್ಟದಾಗಿ ಬೆರೆಸೋದು. ನಡುವೆ ಪೈಲಟ್ ಅಂತ ಒಂದು ಸಣ್ಣ ಉರಿ, ಒಟ್ಟು ಗ್ಯಾಸ್‌ನಲ್ಲಿ ನೂರಕ್ಕೆ ಐದೋ ಹತ್ತೋ ಪಾಲು ಅದಕ್ಕೆ, ಅದು ಬೆರೆಸದೆ ನೇರ ಉರಿಯೋದು. ಅದ್ರ ಬಿಸಿ ಆಸರೇಲಿ ಮಿಕ್ಕ ತೆಳು ಉರಿ ನಿಂತ್ಕೊಳತ್ತೆ, ಗುಯ್‌ಗುಟ್ಟೋದೂ ಎಷ್ಟೋ ಸಲ ಅಲ್ಲೇ ತಣ್ಣಗಾಗತ್ತೆ. ನಾಕ್ಸ್ ಏರತ್ತೆ, ಹೌದು, ಗೊತ್ತಿದ್ದೂ ಒಪ್ಕೋಬೇಕು. ವರ್ಷಗಟ್ಲೆ ಮಿಕ್ಸಿಂಗ್ ಚೆನ್ನಾಗಿ ಮಾಡೋಕೆ ಒದ್ದಾಡಿ, ಕೊನೇಲಿ ಪೈಲಟ್ ನಾಬ್ ಹಿಡ್ಕೊಂಡು ಎಷ್ಟು ಕೆಡಿಸ್ಬೇಕು ಅಂತ ಕೂರೋದೇ ನಮ್ಮ ಕೆಲಸ. ಸೈಡಲ್ಲಿ ಸದ್ದು ಹೀರೋ ಡ್ಯಾಂಪರ್ ಡಬ್ಬಗಳನ್ನೂ ಕೂರಿಸ್ತಾರೆ, ಒಂದು ಬರ್ನರ್‌ಗೂ ಇನ್ನೊಂದಕ್ಕೂ ಇಂಧನ ಬೇರೆ ಬೇರೆ ಹಂಚ್ತಾರೆ, ಅದೆಲ್ಲ ಇನ್ನೊಂದು ದಿನದ ಪೋಸ್ಟು.

ಹೆಲಿಕಾಪ್ಟರ್‌ನಲ್ಲಿ ಯಾಕೆ ಈ ಪ್ರೀಮಿಕ್ಸ್ ಇಲ್ಲ ಅಂತ ಈಗ ಗೊತ್ತಾಗಿರ್ಬೇಕು. ಗುಬ್ಬೀಲಿ ಕಟ್ಟೋ ಎಲ್‌ಯುಎಚ್ ಅನ್ನೋ ಹಗುರ ಹೆಲಿಕಾಪ್ಟರ್‌ಗೆ ಇರೋದು ಒಂದೇ ಇಂಜಿನ್ನು, ಶಕ್ತಿ ಇಂಜಿನ್ ಮನೆತನದ್ದು, ಅದು ಹೋಗ್ಬೇಕಾಗಿರೋದು ಹಿಮಾಲಯದ ತೆಳು ಗಾಳಿಗೆ, ಹೆಲಿಕಾಪ್ಟರ್ ಹಾರಿಸೋನು ದಿಢೀರಂತ ಪವರ್ ಏರಿಸ್ತಾನೆ ಇಳಿಸ್ತಾನೆ. ಅಲ್ಲಿ ಒಂಬತ್ತು ಪಿಪಿಎಂ ತಗೊಂಡು ಏನ್ ಮಾಡೋದು, ಬೆಂಕಿ ಆರ್ಬಾರ್ದು, ಆರಿದ್ರೆ ಮತ್ತೆ ಹತ್ಕೋಬೇಕು, ಅಷ್ಟೇ.

ಪವರ್ ಪ್ಲಾಂಟ್ ಕಡೆ ಮಾತ್ರ ಕಥೆ ಬದಲಾಗ್ತಾ ಇದೆ. ನಮ್ಮದೇ ಜಿಲ್ಲೆ ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ, ಅತ್ಲಾಗೆ ಯಲಹಂಕದಲ್ಲಿ ಕೆಪಿಸಿಎಲ್‌ದು 370 ಮೆಗಾವ್ಯಾಟ್ ಗ್ಯಾಸ್ ಪ್ಲಾಂಟ್. ಸೋಲಾರ್ ಜಾಸ್ತಿ ಆದಷ್ಟೂ ಎಲ್ಲಾ ಕಡೆ ಗ್ಯಾಸ್ ಟರ್ಬೈನ್‌ಗಳಿಂದ ಕೇಳೋದು ಒಂದೇ, ಮಧ್ಯಾಹ್ನ ಸಣ್ಣಗೆ ಓಡು, ಸಂಜೆ ಆರು ಗಂಟೆಗೆ ಎದ್ದೇಳು. ಸಣ್ಣಗೆ ಓಡೋದು ಅಂದ್ರೆ ಇಂಧನ ಕಮ್ಮಿ, ಅಂದ್ರೆ ಮಿಶ್ರಣ ಇನ್ನೂ ತೆಳು, ಅಂದ್ರೆ ಆರೋ ಗೆರೆ. ಕಂಪ್ರೆಸರ್ ಮುಂದಿನ ವೇನ್ ಮುಚ್ಚಿ ಗಾಳೀನೂ ಕಮ್ಮಿ ಮಾಡ್ತಾರೆ, ಆದ್ರೆ ಅದಕ್ಕೂ ಒಂದು ಮಿತಿ ಇದೆ, ಅದ್ರಿಂದಾಚೆ ಒಂದಷ್ಟು ಬರ್ನರ್ ಆಫ್ ಮಾಡು ಇಲ್ಲ ಪೈಲಟ್ ಜಾಸ್ತಿ ಮಾಡು. ಬ್ರೋಶರ್‌ನಲ್ಲಿ ಹಾಕೋ ನಾಕ್ಸ್ ನಂಬರ್ ಮೇಲೆ ಕಣ್ಣಿಡೋರು ಅದು ಎಷ್ಟು ಲೋಡ್‌ವರೆಗೂ ನಿಲ್ಲತ್ತೆ ಅಂತಾನೂ ಕೇಳ್ಬೇಕು.

ಇದ್ರ ಮೇಲೆ ಈಗ ಹೈಡ್ರೋಜನ್ ಬಂದಿದೆ. ಮೀಥೇನ್ ಉರಿ ಸೆಕೆಂಡಿಗೆ 40 ಸೆಂಟಿಮೀಟರ್ ಹರಡಿದ್ರೆ ಹೈಡ್ರೋಜನ್ನು ಎರಡು ಮೀಟರ್ ಮೇಲೇ. ಕ್ಯಾತ್ಸಂದ್ರದ ಒಲೇಲಿ ಪಟ್ ಅಂದಿದ್ದು ಇಲ್ಲಿ ಸಾವಿರ ಪಟ್ಟು ಸುಲಭಕ್ಕೆ ಆಗತ್ತೆ, ಸ್ವರ್ಲರ್ ನಡುವಿನ ನಿಧಾನ ಗಾಳೀಲೇ ಹತ್ತಿ ಹಿಂದಕ್ಕೆ ಬಂದ್ಬಿಡತ್ತೆ. ಅದಕ್ಕೆ ಎಷ್ಟೋ ಕಡೆ ಸ್ವರ್ಲರ್ರೇ ಬೇಡ ಅಂತ ಬಿಟ್ಟು, ಒಂದು ದೊಡ್ಡ ಉರಿ ಬದ್ಲು ನೂರಾರು ಪುಟಾಣಿ ಉರಿಗಳು ಮಾಡೋ ಮೈಕ್ರೋಮಿಕ್ಸ್ ಕಡೆ ಹೊರಟಿದಾರೆ, ಜರ್ಮನಿಯ ಆಖೆನ್‌ನಲ್ಲಿ ಶುರು ಆದ ಕೆಲಸ. ಉರಿ ಅಷ್ಟು ಚಿಕ್ಕದಾದ್ರೆ ಬೆರೆಯೋ ದೂರನೂ ಚಿಕ್ಕದು, ಬಿಸಿ ಜಾಗದಲ್ಲಿ ಗ್ಯಾಸ್ ನಿಲ್ಲೋ ಹೊತ್ತೂ ಕಮ್ಮಿ, ಮುಂಚೇನೇ ಬೆರೆಸೋ ಅಗತ್ಯ ಇಲ್ಲದೇ ಇರೋದ್ರಿಂದ ಒಳಕ್ಕೆ ಹತ್ಕೊಳೋ ಭಯಾನೂ ಇಲ್ಲ. ಕಾಗದದ ಮೇಲೆ ಬಹಳ ಚೆನ್ನಾಗಿದೆ. ತೂತುಗಳು ಮಾತ್ರ ಮಿಲಿಮೀಟರ್‌ಗಿಂತ ಎಷ್ಟೋ ಸಣ್ಣ, ಅಂಥವು ನೂರಾರು, ಎಲ್ಲಾ ಒಂದೇ ಸಮ, ಒಂದ್ರಲ್ಲೂ ಬರ್ರ್ ಇರೋ ಹಂಗಿಲ್ಲ. 0.3 ಎಂಎಂ ಅಂತ ಡ್ರಾಯಿಂಗ್ ಕಳಿಸಿದ್ರೆ ನಮ್ಮ ಡ್ರಿಲ್ ಶಾಪ್‌ನೋರು "ಆಮೇಲೆ ಮಾಡ್ತೀನಿ ಸರ್" ಅಂತ ಫೋನ್ ಇಡ್ತಾರೆ, ಆ ಆಮೇಲೆ ಇನ್ನೂ ಬಂದಿಲ್ಲ.